ಕೈಗೆ ಕೊಡದ ಮೆಣಸಿನಕಾಯಿ

"ನಿಲ್ಲಸು. ಅಲ್ಲೇ ನಿಲ್ಲಸು."

ಸುನಿತಾ ರಿಮೋಟಿನ ಗುಂಡಿ ಒತ್ತಿದಳು. ಟೀವಿಯೊಳಗಿನ ಮಂದಿ ಇದ್ದಲ್ಲೇ ಕಲ್ಲಾದರು. ಬಿಳಿ ಏಪ್ರನ್ನು, ಬಿಳಿ ಟೊಪ್ಪಿಗೆ ಹಾಕಿಕೊಂಡ ಎಂಟು-ಹತ್ತು ಜನ. ಉದ್ದನೆಯ ಮೇಜು. ಒಬ್ಬೊಬ್ಬರ ಮುಂದೆ ಒಂದೊಂದು ಕಲ್ಲಿನ ಕುಟ್ಟಾಣಿ. ನಟ್ಟನಡುವೆ ಸುನಿತಾ, ಅರಿಶಿನ ಬಣ್ಣದ ಚೂಡಿದಾರದ ಮೇಲೆ ಏಪ್ರನ್ನು ಕಟ್ಟಿಕೊಂಡು, ಬಾಯಿ ತುಂಬ ನಗುತ್ತಿದ್ದಳು.

"ಮಾವಾ, ಇದನ್ನ ಎಷ್ಟ್ ಸಲಾ ನೋಡ್ತೀರಿ? ನೀವೂ ಹಾವೇರ್ಯಾಗ ಖಾನಾವಳಿ ತಗೀತೀರೇನು ಮತ್ತ?"

"ವಯಸ್ಸಾತಲ್ಲವ್ವಾ. ಕಣ್ಣು ನೋಡಿದ್ದು ಮನಸಿಗೆ ಮುಟ್ಟಾಕ ಹೊತ್ತು ಹಿಡೀತೈತಿ" ಎಂದ ಅಂದಾನೆಪ್ಪ. ತಟ್ಟೆಯ ಅನ್ನ ಹಾಗೇ ಇತ್ತು.

ಹಾವೇರಿ ಠಾಣೆಯ ಜಮಾದಾರನಾಗಿ ನಿವೃತ್ತನಾದವನು ಅವನು. ಸೋದರ ಸೊಸೆಯ ಮನೆಗೆ ಊಟದ ನೆಪ ಮಾಡಿಕೊಂಡು ರಾಣೆಬೆನ್ನೂರಿಗೆ ಬಂದಿದ್ದ. ಆದರೆ ಅವನ ಜೀವವೆಲ್ಲ ಮೋಟೆಬೆನ್ನೂರಿನಲ್ಲಿ, ಇಸಾಕಸಾಬನ ಹೊಸ್ತಿಲಲ್ಲಿ ಕುಳಿತಿತ್ತು.

ಬ್ಯಾಡಗಿಯ ಅಕ್ಕ ಫಕ್ಕೀರವ್ವನ ಮನೆಯಿಂದ ಮಾಯವಾದ ಬೀಜದ ಬುರುಡೆ, ಇಸಾಕಸಾಬನ ಅಟ್ಟದ ಮೇಲೆ ಖಾಲಿಯಾಗಿ ಸಿಕ್ಕಿತ್ತು. ಇವತ್ತು ಸಂಜೆ ಪಂಚರು ಕೂಡುವವರಿದ್ದರು. ಕದ್ದವನು ಇಸಾಕನೇ ಎಂದಾದರೆ, ಮೀಸೆ ಮೂಡುವ ಮೊದಲಿನಿಂದ ತಾನು ಉತ್ತು ಬಿತ್ತಿದ ಫಕ್ಕೀರವ್ವನ ಹೊಲವನ್ನು ಅವನು ಬಿಡಬೇಕು. ಬರೀ ಹೊಲವಲ್ಲ. ಕಳ್ಳ ಅನ್ನಿಸಿಕೊಂಡು ಆ ಊರಿನಲ್ಲಿ ನೀರು ಕುಡಿಯುವವನಲ್ಲ ಅವನು.

"ಪಂಚರು ಕೂಡೂತನಕ ನೀ ಬಾಯಿ ಬಿಡಬ್ಯಾಡ. ಅಷ್ಟರಾಗ ನಾ ಬರ್ತೇನಿ" ಎಂದು ಅಂದಾನೆಪ್ಪ ಅವನಿಗೆ ಮಾತು ಕೊಟ್ಟು ಬಂದಿದ್ದ.

ಬುರುಡೆಯಲ್ಲಿದ್ದದ್ದು ಬಂಗಾರವಲ್ಲ, ಬೀಜದ ಮೆಣಸಿನಕಾಯಿ. ಆ ಮನೆಯ ಹಳೆಯ ಡಬ್ಬಿ ಕಾಯಿ. ಮುದುಕಿಯ ಗಲ್ಲದ ಹಾಗೆ ನಿರಿಗೆ ನಿರಿಗೆ. ಬಣ್ಣಕ್ಕೆ ಕುಂಕುಮ, ಖಾರಕ್ಕೆ ಬೆಲ್ಲದ ತಮ್ಮ. ಸುಗ್ಗಿಯಲ್ಲಿ ಫಕ್ಕೀರವ್ವ ಮತ್ತು ಇಸಾಕಸಾಬ ಇಬ್ಬರೇ ಕುಳಿತು ಆರಿಸಿದ ಕಾಯಿಗಳನ್ನು ತೊಟ್ಟು ಮುರಿಯದೆ ಸೋರೆ ಬುರುಡೆಗೆ ತುಂಬಿ, ಬಾಯಿಗೆ ಸಗಣಿ ಬೂದಿ ಮೆತ್ತಿ ದೇವರ ಮಾಡದ ಪಕ್ಕ ತೂಗುಹಾಕುತ್ತಿದ್ದರು. ಬೀಜ ಕಾಯಿಯ ಹೊಟ್ಟೆಯಲ್ಲೇ ಇರಬೇಕು, ಬಿತ್ತುವ ದಿನವೇ ಒಡೆಯಬೇಕು. ಬೀಜದ ಕಂಪನಿಯವರು ಎಷ್ಟೋ ಸಲ ಬಂದು ಬಾಗಿಲಲ್ಲಿ ನಿಂತಿದ್ದರು. "ಬೇಕಾದ್ರ ಮಗಳನ್ನ ಕೊಟ್ಟೇನು, ಬೀಜ ಕೊಡಾಂಗಿಲ್ಲ" ಎಂದು ಫಕ್ಕೀರವ್ವ ಚಹಾ ಕುಡಿಸಿ ಕಳಿಸಿದ್ದಳು.

ಮಗಳು ಸುನಿತಾಳನ್ನು ಬೀಜದ ಅಂಗಡಿಯ ಮಾಲತೇಶನಿಗೆ ಕೊಟ್ಟದ್ದು ಬೇರೆ ಮಾತು. ಆ ಅಂಗಡಿಯ ದೆಸೆಯಿಂದಲೇ ಗಂಡ ಹೆಂಡತಿ ಈ ಸಲ ಬ್ಯಾಂಕಾಕ್ ನೋಡಿ ಬಂದಿದ್ದರು. ಹೆಚ್ಚು ಮಾಲು ಮಾರಿದ ವ್ಯಾಪಾರಿಗಳಿಗೆ ಕಂಪನಿ ಮಾಡಿಸಿದ ಪ್ರವಾಸ.

"ಉಣ್ರಿ ಮಾವಾ, ಆರತೈತಿ. ಹೆಂಗಾಗೈತಿ ಹೇಳ್ರಿ."

ಅಂದಾನೆಪ್ಪ ಒಂದು ತುತ್ತು ಬಾಯಿಗಿಟ್ಟ. ತೆಂಗಿನ ಹಾಲಿನ ಕೆಂಪು ಸಾರು. ಮೊದಲು ಸಿಹಿ, ಆಮೇಲೆ ಹುಳಿ, ಖಾರ ಹಿಂದಿನಿಂದ ಬಂದು ತಲೆಗೆ ಹೊಡೆಯಿತು.

"ಪಾಯಸಕ್ಕ ಒಗ್ಗರಣಿ ಹಾಕಿದಂಗ ಐತಿ. ರೊಟ್ಟಿ ಜೋಡಿ ನಡೀತೈತೇನು?"

ಸುನಿತಾ ನಕ್ಕಳು. "ನಮ್ಮ ಮನಿಯವರೂ ಅದನ್ನ ಕೇಳಿದ್ರು. ಅಲ್ಲಿ ಅಡಿಗಿ ಸಾಲಿ ಟೀಚರಮ್ಮ ಇದ್ಲಲ್ರಿ, ಆಕಿ ಹೆಸರು ನಾಲಿಗಿಗೆ ಸಿಗೂದಿಲ್ಲ, ಮೊದಲ ಸಂತಿಗೆ ಕರಕೊಂಡ್ ಹೋದ್ಲು. ಮಜ್ಜಿಗಿ ಹುಲ್ಲು, ಶುಂಠಿ ಹಂಗ ಒಂದು ಗಡ್ಡಿ, ನಿಂಬಿ ಗಿಡದ ಎಲಿ. ಎಲ್ಲಾ ಕೈಲೇ ಮುರದು ಮೂಗಿಗೆ ಹಿಡೀತಿದ್ಲು. ಎಲ್ಲಾದಕ್ಕೂ ಮೀನಿನ ನೀರು ಹಾಕ್ತಾರ್ರಿ ಅಲ್ಲಿ. ನಾ ಒಲ್ಲೆ ತಾಯಿ, ನನಗ ಉಪ್ಪ ಸಾಕು ಅಂತ ಕೈಮುಗದೆ. ಆಕೀನೂ ಕೈಮುಗದ್ಲು. ಆಕಿಗೆ ತಿಳೀತು ಅಂತ ಮಾಡಿದೆ. ಅಲ್ಲಿ ಎಲ್ಲಾದಕ್ಕೂ ಕೈಮುಗೀತಾರಂತ!"

"ಮೆಣಸಿನಕಾಯಿ?"

"ಒಣಾ ಕಾಯಿ ನೀರಾಗ ನೆನಸಿ, ಬೀಜ ತಗದು, ಬಳ್ಳೊಳ್ಳಿ ಕೂಡ ಕುಟ್ಟಬೇಕ್ರಿ. ನನ್ನ ಕೈ ನೋಡಿ ಟೀಚರಮ್ಮ ಬೆರಗಾದ್ಲು. ಅವರೆಲ್ಲಾ ಟಕ್ ಟಕ್ ಅಂತ ಬಡೀತಿದ್ರ, ನಾ ಒಮ್ಮೆ ಬಡದು ಒಮ್ಮೆ ತಿರುವತಿದ್ದೆ. ಎಲ್ಲಾರ ಮಸಾಲಿ ಇಟ್ಟಂಗಿ ಬಣ್ಣ, ನಂದು ಕುಂಕುಮ!"

"ನಿಂದ್ಯಾಕ ಹಂಗ?"

ಸುನಿತಾಳ ನಗು ಒಂದು ಗಳಿಗೆ ತಡೆಯಿತು. "ಅದಾರೀ... ಮನ್ಯಾಗಿನ ಖಾರಪುಡಿ ಚೂರು ಒಯ್ದಿದ್ದೆ."

ಅಂದಾನೆಪ್ಪ ಟೀವಿ ನೋಡಿದ. ಮೇಜಿನ ಮೇಲೆ, ಅವಳ ಕುಟ್ಟಾಣಿಯ ಪಕ್ಕದಲ್ಲಿ, ನೀಲಿ ಬಟ್ಟೆಯ ಗಂಟೊಂದಿತ್ತು. ಗಂಟಿನ ಬಾಯಿ ಬಿಚ್ಚಿತ್ತು. ಒಳಗಿನಿಂದ ಕೆಂಪು ನಿರಿಗೆಗಳು ಇಣುಕುತ್ತಿದ್ದವು. ಪುಡಿಗೆ ನಿರಿಗೆ ಬೀಳುವುದಿಲ್ಲ.

ಅವನು ಏನೂ ಅನ್ನಲಿಲ್ಲ. ಠಾಣೆಯಲ್ಲಿ ಲಾಠಿ ಹಿಡಿದವರನ್ನು ಅವನು ಬೇಕಾದಷ್ಟು ನೋಡಿದ್ದ. ಸುಮ್ಮನಿರುವುದರಷ್ಟು ಪೆಟ್ಟು ಲಾಠಿಗಿಲ್ಲ ಎಂಬುದು ಅವನ ಲೆಕ್ಕ.

"ನೀ ಒಬ್ಬಾಕೀನ ಹೋಗಿದ್ದೇನು ಅಲ್ಲಿ?"

"ಹೂನ್ರಿ. ಗಂಡಸರು ಸಮುದ್ರಕ್ಕ ಹೋದ್ರು. ಉಳದ ಹೆಣ್ಮಕ್ಕಳು ಸೀರಿ ಅಂಗಡಿ, ಬಂಗಾರದ ಅಂಗಡಿ. ನನಗ ಇದು ಬೇಕಾಗಿತ್ತು. ಆ ಸಾಲಿಯವರ ಸಿ.ಡಿ. ತಗದು ಕೊಟ್ರು, ನೆನಪಿಗೆ."

"ನಮ್ಮ ಕಡಿಯವರು?"

"ಒಂದು ನರಪಿಳ್ಳಿ ಇರಲಿಲ್ಲ. ಕನ್ನಡದ ಒಂದು ಅಕ್ಷರ ಕಿವಿಗೆ ಬೀಳಲಿಲ್ರಿ. ಎಲ್ಲಾ ಬಿಳೇ ಮಂದಿ, ಜಪಾನದವರು."

"ಇಂವ ಯಾರು ಹಂಗಾರ?"

ಸುನಿತಾಳ ಎದುರಿಗೆ, ಕ್ಯಾಮೆರಾಕ್ಕೆ ಬೆನ್ನು ಮಾಡಿ ಒಬ್ಬ ನಿಂತಿದ್ದ. ಟೊಪ್ಪಿಗೆಯನ್ನು ಕಿವಿಯ ತನಕ ಎಳೆದುಕೊಂಡಿದ್ದ. ಕಾಣುತ್ತಿದ್ದದ್ದು ಬೆನ್ನು ಮತ್ತು ಒಂದು ಕೈ.

"ಯಾವನೋ ಮಲೇಶಿಯಾದಾಂವ. ನಾ ಮಾತಾಡಸಲಿಲ್ಲ."

"ಹೌದೇನು" ಎಂದ ಅಂದಾನೆಪ್ಪ. ಅನ್ನ ಕಲೆಸಿದ. "ಸಾರು ಸಿಹಿ ಆತವ್ವಾ. ಒಂದು ಹಸೀ ಮೆಣಸಿನಕಾಯಿ ಕೊಡು."

ಸುನಿತಾ ಅಡಿಗೆಮನೆಗೆ ಹೋಗಿ ತಂದಳು. ಅಂದಾನೆಪ್ಪ ಎಡಗೈ ಚಾಚಿದ. ಅವಳು ಆ ಕೈಯನ್ನು ನೋಡಲೂ ಇಲ್ಲ, ಮೆಣಸಿನಕಾಯಿಯನ್ನು ತಟ್ಟೆಯ ಅಂಚಿಗಿಟ್ಟು ಹಿಂದೆ ಸರಿದಳು.

ಚಾಚಿದ ಕೈ ಚಾಚಿದಂತೆಯೇ ಇತ್ತು.

"ಯಾಕ್ರಿ ಮಾವಾ?"

"ಕೈಗೆ ಯಾಕ ಕೊಡಲಿಲ್ಲ?"

"ಅಯ್ಯ! ಮೆಣಸಿನಕಾಯಿ ಯಾರರ ಕೈಗೆ ಕೊಡ್ತಾರೇನ್ರಿ? ಜಗಳಾ ಹತ್ತತೈತಿ. ಅವ್ವ ನಮ್ಮನ್ನ ಹೊಡದು ಕಲಿಸ್ಯಾಳ."

"ನಮ್ಮವ್ವನೂ ನಮ್ಮನ್ನ ಹೊಡದಾ ಕಲಿಸಿದ್ಲು" ಎಂದ ಅಂದಾನೆಪ್ಪ. ಕೈ ಮಡಚಿಕೊಂಡ. "ಈಗ ಮುಂದಕ್ಕ ಬಿಡು. ಸಾವಕಾಶ."

ಟೀವಿಯ ಮಂದಿಗೆ ಜೀವ ಬಂತು. ಟೀಚರಮ್ಮ ಏನೋ ಹೇಳಿದಳು. ಎಲ್ಲರೂ ತಮ್ಮ ತಮ್ಮ ಕಾಯಿ ಪಕ್ಕದವರಿಗೆ ಕೊಟ್ಟು ಹೋಲಿಸಿ ನೋಡತೊಡಗಿದರು. ಜಪಾನದ ಹುಡುಗಿ ಬಿಳಿಯ ಮುದುಕನ ಅಂಗೈಗೆ ಹಾಕಿದಳು. ಮುದುಕ ತನ್ನ ಹೆಂಡತಿಯ ಅಂಗೈಗೆ ಹಾಕಿದ. ಅವಳು ಟೀಚರಮ್ಮನ ಅಂಗೈಗೆ ಹಾಕಿದಳು. ಕೈಯಿಂದ ಕೈಗೆ, ನಗುನಗುತ್ತ.

ಸುನಿತಾ ನೀಲಿ ಗಂಟಿನಿಂದ ಒಂದು ಹಿಡಿ ಕಾಯಿ ತೆಗೆದು ಎದುರಿನವನ ಕಡೆ ಕೈ ನೀಡಿದಳು. ಅವನ ಕೈ ಮೇಲೆದ್ದಿತು. ಎದ್ದದ್ದು, ಕೆಂಡ ಕಂಡ ಹಾಗೆ ಹಿಂದೆ ಸರಿಯಿತು. ಒಂದು ಬೆರಳು ಮಾತ್ರ ಮುಂದೆ ಬಂದು ಮೇಜನ್ನು ಎರಡು ಸಲ ಬಡಿಯಿತು. ಇಲ್ಲಿಡು.

ಅವಳು ಇಟ್ಟಳು. ಅವನು ಎತ್ತಿಕೊಂಡ. ಗಂಟನ್ನೂ ಮೇಜಿನ ಮೇಲೇ ಜರುಗಿಸಿಕೊಂಡ.

"ನಿಲ್ಲಸು" ಎಂದ ಅಂದಾನೆಪ್ಪ.

ಸುನಿತಾ ಗುಂಡಿ ಒತ್ತಿದಳು.

"ಜಗಳಾ ಹತ್ತತೈತಿ ಅನ್ನೂದು ನಿನಗ ಗೊತ್ತು, ನನಗ ಗೊತ್ತು. ಈ ಮಲೇಶಿಯಾದಾಂವಗ ಯಾರವ್ವಾ ಹೊಡದು ಕಲಿಸಿದ್ರು?"

"ಅವರ ಕಡೆನೂ... ಇರಬಹುದಲ್ರಿ."

"ಇರಬಹುದು."

ಹೊರಗೆ ಬೀದಿಯಲ್ಲಿ ಬಳ್ಳೊಳ್ಳಿ ಮಾರುವವನು ಕೂಗುತ್ತ ಹೋದ. ಸುನಿತಾ ಟೀವಿ ಆರಿಸಿದಳು.

"ಟೀವಿ ಆರಿಸಿದ್ರ ಟೊಪ್ಪಿಗಿಯಾಂವ ಮಾಯ ಆಗೂದಿಲ್ಲ, ಸುನಿತಾ."

"ನೀವು ನನ್ನ ಮನಿಗೆ ಉಣ್ಣಾಕ ಬಂದೀರೋ, ಪೊಲೀಸರಂಗ ಜಡ್ತಿ ಮಾಡಾಕ ಬಂದೀರೋ?" ಅವಳ ದನಿ ಏರಿತು. "ನಾ ಏನು ಕಳ್ಳೀ ಏನ್ರಿ? ನಿಮ್ಮ ತೊಡಿ ಮ್ಯಾಲೆ ಬೆಳದಾಕಿ ನಾ!"

"ನನ್ನ ತೊಡಿ ಮ್ಯಾಲಲ್ಲ. ಇಸಾಕನ ಹೆಗಲ ಮ್ಯಾಲೆ."

ಅವಳು ರಿಮೋಟನ್ನು ಕೆಳಗಿಟ್ಟಳು.

"ಮೋಟೆಬೆನ್ನೂರ ಹೊಲಕ್ಕ ನಡಕೋತ ಬರಾಕ ಒಲ್ಲೆ ಅಂತಿದ್ದಿ. ನಿನ್ನನ್ನ ಹೆಗಲ ಮ್ಯಾಲೆ ಕೂಡಿಸಿಕೊಂಡು, ನಿನ್ನ ತಮಾಷಿಗೆ ಎತ್ತಿನಂಗ ಕೊರಳ ಅಲ್ಲಾಡಿಸಿಕೋತ ಹೋಗತಿದ್ದ. ಸೀನು ಬರದಂಗ ತೊಟ್ಟು ಮುರಿಯೂದು ಅವನ ನಿನಗ ಕಲಿಸಿದ್ದು. ಇವತ್ತ ಸಂಜಿ ಅವನನ್ನ ಪಂಚರ ಮುಂದ ನಿಲ್ಲಸ್ತಾರ. ಆತ, ನಾ ಏನೂ ಕೇಳೂದಿಲ್ಲ." ಅವನು ತಟ್ಟೆಯಲ್ಲಿ ಕೈ ತೊಳೆದ. "ಬಸ್ಸಿಗೆ ಹೊತ್ತಾತು."

"ಅಣ್ಣ" ಎಂದಳು ಸುನಿತಾ.

ಅಂದಾನೆಪ್ಪ ಕೇಳಿಸದವನಂತೆ ಟವೆಲಿನಲ್ಲಿ ಕೈ ಒರೆಸಿಕೊಂಡ.

"ಟೊಪ್ಪಿಗಿ ಹಾಕ್ಕೊಂಡಾಂವ ಹನುಮೇಶಣ್ಣರಿ. ನಮ್ಮಣ್ಣ."

ಹನುಮೇಶ. ಅಕ್ಕನ ಮಗ. ಇಸಾಕಸಾಬನ ಅಟ್ಟ ಹತ್ತಿ, ಖಾಲಿ ಬುರುಡೆಯನ್ನು ಎತ್ತಿ ಹಿಡಿದು ಊರಿಗೆಲ್ಲ ತೋರಿಸಿದವನು ಅವನೇ. "ಉಂಡ ಮನಿಗೆ ಎರಡ ಬಗದಾನ" ಎಂದು ಅಂಗಳದಲ್ಲಿ ನಿಂತು ಕೂಗಿದವನೂ ಅವನೇ. ಆಗ ಇಸಾಕನ ಹೆಂಡತಿ ಜೈತೂನಬಿ ಅವನ ಮುಂದೆ ಸೆರಗೊಡ್ಡಿದ್ದಳು.

"ಅಂವ ಗುಂಟೂರಿಗೆ ಹೋಗಿದ್ದ" ಎಂದ ಅಂದಾನೆಪ್ಪ ಮೆಲ್ಲಗೆ. "ಮೆಣಸಿನಕಾಯಿ ಪ್ಯಾಟಿ ನೋಡಿ ಬರ್ತೇನಿ ಅಂತ."

"ಗುಂಟೂರು ಇಲ್ಲ, ಏನಿಲ್ಲ. ಮುಂಬೈಕ್ಕ ಹೋಗಿ ಅಲ್ಲಿಂದ ಬ್ಯಾಂಕಾಕಿಗೆ ಬಂದಿದ್ದ. ಒಂದು ಕಂಪನಿಯವರು ಕರಸಿದ್ರಂತ. ಬೀಜ ಕಣ್ಣಿಗೆ ಬಿದ್ದ ಮ್ಯಾಲೆ ಮಾತು ಅಂದಿದ್ರಂತ."

"ಮತ್ತ ನನಗ ತಂದ ಗುಂಟೂರ ಉಪ್ಪಿನಕಾಯಿ?"

"ದಾವಣಗೇರ್ಯಾಗ ತಗೊಂಡಿದ್ದ, ಮಾವಾ."

ಅಂದಾನೆಪ್ಪನಿಗೆ ನಗು ಬಂತು. ದಿನಾ ಬೆಳಿಗ್ಗೆ ರೊಟ್ಟಿಗೆ ಆ ಉಪ್ಪಿನಕಾಯಿ ಹಚ್ಚಿಕೊಂಡು, ಸೋದರಳಿಯ ಎಷ್ಟು ನೆನಪಿಟ್ಟು ತಂದ ಎಂದು ನೆರೆಮನೆಯವರಿಗೂ ಬಡಿಸಿದ್ದ. ಠಾಣೆಯಲ್ಲಿ ಕಳ್ಳರ ಮುಖ ನೋಡಿಯೇ ಮುಪ್ಪಾದವನು, ಮನೆಯ ಮಗನ ಮುಖ ನೋಡಲು ಮರೆತಿದ್ದ. ನಂಬಿದ ಎಮ್ಮೆ ಕೋಣ ಈದಿತ್ತು.

"ಅಡಿಗಿ ಸಾಲಿ ಯಾಕ?"

"ಇವರಿಗೆ ಗೊತ್ತಾಗಬಾರದಲ್ರಿ." ಇವರು ಅಂದರೆ ಅವಳ ಗಂಡ ಮಾಲತೇಶ. "ಇವರೂ ಬೀಜದ ವ್ಯಾಪಾರದವರು. ತಿಳದ್ರ ಬಿಡ್ತಿದ್ರೇನು? ಹಾಟೇಲಿನ್ಯಾಗ ಇವರ ಗೆಳ್ಯಾರು ಕಾಲಿಗೊಬ್ರು ಕೈಗೊಬ್ರು. ಅಡಿಗಿ ಸಾಲಿಗೆ ಹೆಸರ ಹಚ್ಚು, ಅಲ್ಲಿ ಮೆಣಸಿನಕಾಯಿ ಇದ್ರ ಯಾರ ಕೇಳ್ತಾರ ಅಂದ ಅಣ್ಣ. ಯಾರೂ ಕೇಳಲಿಲ್ಲ. ಟೀಚರಮ್ಮ ನಮ್ಮ ಕಾಯಿ ಮೂಸಿ ನೋಡಿ, ಚಲೋ ಚಲೋ ಅಂತ ಕೈಮುಗದ್ಲು." ಅವಳ ಕಣ್ಣು ತುಂಬಿತು. "ನನಗ ಖರೇನ ಅಡಿಗಿ ಕಲಿಯೂ ಆಸೆ ಇತ್ತು ಮಾವಾ. ಹುಟ್ಟಿದಾಗಿಂದ ಇದೊಂದು ನಾನಾಗಿ ಹೋಗಿ ಕಲಿತದ್ದು. ಅದರಾಗೂ ಅವರು ನನ್ನ ಗಂಟು ಹೊರೂ ಕತ್ತೆ ಮಾಡಿಬಿಟ್ರು."

"ಬುರುಡಿ ಇಸಾಕನ ಅಟ್ಟಕ್ಕ ಹೆಂಗ ಹೋತು?"

"ಅದು ನನಗ ಗೊತ್ತಿಲ್ರಿ! ನಿಮ್ಮ ಪಾದದಾಣಿ. ಬಂದ ಮ್ಯಾಲೆ ಕೇಳಿ ನನ್ನ ಎದಿ ಒಡೀತು. ಅಣ್ಣಗ ಫೋನ್ ಮಾಡಿ ಬೈದೆ. ನೀ ಬಾಯಿ ಬಿಟ್ರ ನಿನ್ನ ಸಂಸಾರ ಮುರೀತೈತಿ, ಗಂಡಗ ಸುಳ್ಳ ಹೇಳಿ ಹೋಗೀದಿ ಅಂದ."

ಅಂದಾನೆಪ್ಪ ಎದ್ದು ಕಿಟಕಿಯ ಬಳಿ ಹೋದ. ಏನೋ ಒಂದು ಕೂಡಿಬರುತ್ತಿರಲಿಲ್ಲ. ಹನುಮೇಶ ಅದೇ ಮನೆಯಲ್ಲಿ ಉಣ್ಣುವವನು, ಅದೇ ದೇವರ ಮಾಡದ ಮುಂದೆ ಮಲಗುವವನು. ಬೀಜ ಬೇಕಿದ್ದರೆ ತಾನೇ ಬುರುಡೆ ಇಳಿಸಿಕೊಂಡು ಹೋಗಬಹುದಿತ್ತು. ತಂಗಿಯ ಕೈಯಲ್ಲಿ ಸಮುದ್ರ ದಾಟಿಸುವ ಉಸಾಬರಿ ಯಾಕೆ?

"ಸುನಿತಾ, ಬುರುಡಿ ಬಾಯಿ ಒಡದಾವರು ಯಾರು?"

ಸುನಿತಾ ಊಟದ ತಟ್ಟೆಯನ್ನು ಬದಿಗೆ ಸರಿಸಿದಳು.

"ನೀನೇನು?"

ಅವಳು ತಲೆ ಅಲ್ಲಾಡಿಸಿದಳು. ಅಲ್ಲ.

"ಪ್ರವಾಸಕ್ಕ ಮೊದಲ ನೀ ಬ್ಯಾಡಗಿಗೆ ಹೋಗೂದರಾಗ ನಿಮ್ಮಣ್ಣ ಮನಿ ಬಿಟ್ಟಿದ್ದ. ನೀನಲ್ಲ, ಅಂವ ಅಲ್ಲ. ಮತ್ತ ಯಾರು?"

ಸುನಿತಾ ಒಳಕೋಣೆಗೆ ಹೋದಳು. ಟ್ರಂಕಿನ ಚಿಲಕ ತೆಗೆದ ಸಪ್ಪಳವಾಯಿತು. ಮಡಿಸಿದ ಬಟ್ಟೆಯೊಂದನ್ನು ತಂದು, ಅವನ ಕೈಗೆ ಕೊಡದೆ, ಮುಂದಿದ್ದ ಸ್ಟೂಲಿನ ಮೇಲಿಟ್ಟಳು.

"ಗಂಟು ಕಟ್ಟಿದ ಬಟ್ಟಿ. ಅಣ್ಣ ಕಾಯಿ ಸುರುವಿಕೊಂಡು ಇದನ್ನ ನನಗ ಕೊಟ್ಟ. ಒಗೀಬೇಕು ಅಂತ ಎರಡ್ ಸಲಾ ತಗದೆ. ಕೈ ಬರಲಿಲ್ಲ."

ಅಂದಾನೆಪ್ಪ ಬಿಡಿಸಿದ. ಮೂಗಿಗೆ ಖಾರ ಹತ್ತಿ ಎರಡು ಸೀನು ಬಂತು. ಮಡಿಕೆಯಲ್ಲಿ ಅರಿಶಿನ ಬಣ್ಣದ ನಾಲ್ಕಾರು ಬೀಜ ಅಂಟಿಕೊಂಡಿದ್ದವು.

ಅದು ಗುಳೇದಗುಡ್ಡದ ಕುಪ್ಪಸದ ಖಣ. ನೀಲಿ ಒಡಲು, ಕೆಂಪು ಅಂಚು. ಒಡಲ ತುಂಬ ಸಣ್ಣ ಸಣ್ಣ ಹೂವಿನ ಸಾಲು. ಅಂಚಿನ ಹತ್ತಿರ ಒಂದೇ ಒಂದು ಸಾಲಿನಲ್ಲಿ ಹೂವು ತಲೆಕೆಳಗಾಗಿದ್ದವು.

ಅವನ ಬೆರಳು ಆ ಸಾಲಿನ ಮೇಲೆ ನಿಂತಿತು.

ಭಾವ ಮೈಲಾರೆಪ್ಪ ಇರುವ ತನಕ ಪಂಚಮಿಗೆ ಅಕ್ಕನಿಗೆ ಹಸಿರು ಖಣ ಒಯ್ಯುತ್ತಿದ್ದ. ಭಾವ ಹೋದ ಮೇಲೆ ಊರವರು ಏನೆಂದರೂ ತಮ್ಮ ಖಣ ತಪ್ಪಿಸಿರಲಿಲ್ಲ. ಬಣ್ಣ ಮಾತ್ರ ನೀಲಿಯಾಯಿತು. ಹೋದ ಪಂಚಮಿಗೆ ಹಾವೇರಿಯ ಅಂಗಡಿಯವನು, "ಜಮಾದಾರ್ರ, ಇದರಾಗ ನೇಕಾರ ಒಂದು ಸಾಲು ಕೈತಪ್ಪ್ಯಾನ, ಬ್ಯಾರೆ ತೋರಸ್ತೇನಿ" ಎಂದಿದ್ದ. "ಬ್ಯಾಡ, ಇದನ್ನ ಕೊಡು. ನಮ್ಮಕ್ಕ ನೋಡಿ ನಗತಾಳ" ಎಂದಿದ್ದ ಅಂದಾನೆಪ್ಪ.

ಅಕ್ಕ ನಕ್ಕಿದ್ದಳು. "ಇದು ನಿನ್ನಂಗ ಐತಿ ನೋಡು ತಮ್ಮಾ. ಎಲ್ಲಾರೂ ಮ್ಯಾಲೆ ನೋಡಿದ್ರ ನೀ ಕೆಳಗ ನೋಡ್ತಿ" ಎಂದು ಅದನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಯಲ್ಲಿಟ್ಟಿದ್ದಳು. ತವರಿನ ಖಣ ಇನ್ನೊಬ್ಬರ ಕೈಗೆ ಹೋಗುವ ವಸ್ತುವಲ್ಲ. ಆ ಪೆಟ್ಟಿಗೆಯ ಕೀಲಿ ಫಕ್ಕೀರವ್ವನ ಸೊಂಟ ಬಿಟ್ಟು ಇಳಿದದ್ದನ್ನು ಯಾರೂ ಕಂಡಿರಲಿಲ್ಲ.

"ಅವ್ವನ ಕಟ್ಟಿಕೊಟ್ಲು, ಮಾವಾ." ಸುನಿತಾಳ ದನಿ ಎಲ್ಲೋ ದೂರದಿಂದ ಬಂದಂತಿತ್ತು. "ಅಣ್ಣ ಕೇಳಿದಾಗ ಒಲ್ಲೆ ಅಂದಿದ್ಲಂತ. ನಾ ಸತ್ತ ಮ್ಯಾಲೆ ಒಯ್ಯಿ ಅಂದ್ಲಂತ. ಅಂವ ಬರಗೈಲೆ ಹೋಗಿದ್ದ. ಆಮ್ಯಾಲೆ ಅದೇನಾತೋ, ನಾ ಹೊಂಟು ನಿಂತಾಗ ಫೋನ್ ಮಾಡಿ ಕರಸಿದ್ಲು. ನನ್ನ ಮುಂದ ಬುರುಡಿ ಇಳಿಸಿದ್ಲು. ರುಬ್ಬೂ ಒಳ್ಳಿನ ಗುಂಡಕಲ್ಲಿಲೆ ಬಾಯಿ ಒಡದ್ಲು. ಅಳಲಿಲ್ಲ, ಏನಿಲ್ಲ. ಎಲ್ಲಾ ಕಾಯಿ ಈ ಖಣದಾಗ ಕಟ್ಟಿ ನೆಲಕ್ಕಿಟ್ಲು. ಎತ್ತಿಕೊ ಅಂದ್ಲು."

"ಯಾಕ ಅಂತ ಕೇಳಲಿಲ್ಲೇನು?"

"ಕೇಳಿದೆ. ಇಸಾಕ ಆ ಹೊಲಾ ಬಿಟ್ಟು ಹೋಗಬೇಕು, ಈ ಬೀಜ ಮನ್ಯಾಗ ಇರೂತನಕ ಅಂವ ಬಿಡೂದಿಲ್ಲ ಅಂದ್ಲು. ಅಷ್ಟ ಅಂದ್ಲು."

ಅಂದಾನೆಪ್ಪ ಖಣವನ್ನು ಮತ್ತೆ ಮಡಚಿದ. ಈ ಪ್ರಕರಣಕ್ಕೆ ಅವನನ್ನು ಕರೆದವಳು ಅಕ್ಕನೇ. ಎದೆ ಬಡಿದುಕೊಂಡು ಅತ್ತು, "ತಮ್ಮಾ, ನನ್ನ ಮನಿ ಬೀಜಾ ಯಾರ ಕದ್ದಾರ ಹುಡುಕಿ ಕೊಡು" ಎಂದು ಅವನ ಎರಡೂ ಕೈ ಹಿಡಿದುಕೊಂಡಿದ್ದಳು. ಆ ಅಳು ನೋಡಿ ಅವನ ಕಣ್ಣಲ್ಲೂ ನೀರು ಬಂದಿತ್ತು. ಕಳ್ಳರ ನೂರು ನಮೂನೆ ಅಳು ಕಂಡಿದ್ದವನು ಆ ಅಳುವನ್ನು ಮಾತ್ರ ಒರೆಗೆ ಹಚ್ಚಿರಲಿಲ್ಲ. ಅಕ್ಕನ ಅಳುವನ್ನು ಯಾರಾದರೂ ಒರೆಗೆ ಹಚ್ಚುತ್ತಾರೆಯೇ?

ಪಡಸಾಲೆಯ ಫೋನು ಬಡಿದುಕೊಂಡಿತು.

ಸುನಿತಾ ಎತ್ತಿದಳು. "ಹೂಂ ಅವ್ವಾ" ಎಂದಳು. ರಿಸೀವರನ್ನು ಮೇಜಿನ ಮೇಲಿಟ್ಟು, "ನಿಮ್ಮನ್ನ ಕೇಳಾಕತ್ತಾಳ" ಎಂದಳು.

ಅಂದಾನೆಪ್ಪ ಖಣವನ್ನು ಹೆಗಲ ಮೇಲೆ ಹಾಕಿಕೊಂಡು ಎತ್ತಿದ.

"ತಮ್ಮಾ" ಎಂದಿತು ಅಕ್ಕನ ದನಿ. ನಿನ್ನೆಯಂತೆ, ಮೊನ್ನೆಯಂತೆ, ಸಣ್ಣವನಿದ್ದಾಗ ಅಂಬಲಿಗೆ ಕರೆದಂತೆ. "ಉಂಡೇನು?"

"ಉಂಡೆ. ನಾ ಇಲ್ಲೇ ಅದೇನಂತ ಯಾರ ಹೇಳಿದ್ರು?"

"ಉಣ್ಣೂ ಹೊತ್ತಿಗೆ ನೀ ಎಲ್ಲಿರ್ತಿ ಅನ್ನೂದು ನನಗ ಗೊತ್ತಿಲ್ಲೇನು? ಕೇಳಿಲ್ಲಿ. ಸಂಜೀತನಕ ಯಾಕ ಅಂತ ಹನುಮೇಶ ಪಂಚರನ್ನ ಮುಂಜಾನೆನ ಕೂಡಿಸಿದ. ಮುಗದಹೋತು. ನೀ ಇನ್ನ ಬರೂದೇನ ಬ್ಯಾಡ, ಹಂಗ ಹಾವೇರಿಗೆ ಹೋಗು."

"ಇಸಾಕ ಏನಂದ?"



"ಹಿರೇರು ಕೇಳಿದ್ರು, ನೀ ಕದ್ದೇನಪಾ ಅಂತ. ಅಂವ ಅವರ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದ. 'ಅಕ್ಕಾರು ಹೇಳಲಿ. ನಾ ಕದ್ದೇನಂತ ಅಕ್ಕಾರ ಬಾಯಿಲೆ ಬಂದ್ರ, ನಾ ಕದ್ದಂಗ' ಅಂದ."

"ನೀ ಏನಂದಿ?"

ತಂತಿಯಲ್ಲಿ ಗುಂಯ್ ಎನ್ನುವ ಸದ್ದು. ಬ್ಯಾಡಗಿಯ ಮನೆಯಂಗಳದಲ್ಲಿ ಕೋಳಿಯೊಂದು ಕೆದಕುವುದು ಕೇಳಿಸಿತು.

"ಅಕ್ಕಾ, ನೀ ಏನಂದಿ?"

"ಹೂಂ ಅಂದೆ."

ಅಂದಾನೆಪ್ಪ ಕಣ್ಣು ಮುಚ್ಚಿದ. ಪಂಚರ ನಡುವೆ ನಿಂತ ಇಸಾಕ ಕಂಡ. ಬಾಯಿ ಬಿಡಬೇಡ ಎಂದಿದ್ದಕ್ಕೆ, ತನ್ನ ಬಾಯಿ ಮುಚ್ಚಿಕೊಂಡು ಅಕ್ಕನ ಬಾಯಿಗೆ ತನ್ನ ಬದುಕನ್ನೇ ಇಟ್ಟಿದ್ದ, ಹುಚ್ಚ.

"ಈಗ ಎಲ್ಲಿದ್ದಾನ?"

"ಹೋದ. ಜೈತೂನಬಿನ್ನ ಕರಕೊಂಡು ಹೋದ. ಎಲ್ಲಿಗೆ ಅಂತ ನಾ ಕೇಳಲಿಲ್ಲ. ನೀನೂ ಕೇಳಬ್ಯಾಡ."

ಜಮಾದಾರ ಅಂದಾನೆಪ್ಪ ಕೇಳಬೇಕಾದ ಪ್ರಶ್ನೆ ಹತ್ತಿದ್ದವು. ಒಡಹುಟ್ಟಿದ ಅಂದಾನೆಪ್ಪನಿಗೆ ಒಂದೇ ಇತ್ತು. ಅವನು ಹೆಗಲ ಮೇಲಿನ ಬಟ್ಟೆಯನ್ನು ತೆಗೆದು ತೊಡೆಯ ಮೇಲೆ ಹಾಸಿಕೊಂಡ. ಒಳ್ಳೆಯ ಉತ್ತರ ಬರಲಿ ಎಂದು ದೇವಿ ಹುಲಿಗೆವ್ವನನ್ನು ನೆನೆದ.

"ಅಕ್ಕಾ, ಹೋದ ಪಂಚಮಿಗೆ ನಾ ಕೊಟ್ಟ ಖಣ ಏನ್ ಮಾಡಿದಿ?"

ಅವಳು ತಡೆಯಲಿಲ್ಲ. ತಡೆದಿದ್ದರೂ ಅವನಿಗೆ ಸಮಾಧಾನವಾಗುತ್ತಿತ್ತು.

"ಯಾಕ ತಮ್ಮಾ, ಹೊಲಿಸಿದೆನಲ್ಲ. ಪಂಚರ ಮುಂದ ಹೋಗೂದು, ತವರಿಂದು ಮೈಮ್ಯಾಲೆ ಇರಲಿ ಅಂತ ಇವತ್ತ ಅದನ್ನ ತೊಟ್ಟೇನಿ."

ಅಂದಾನೆಪ್ಪನ ತೊಡೆಯ ಮೇಲೆ ಖಣ ಇಡಿಯಾಗಿತ್ತು. ಕತ್ತರಿ ತಾಗಿರಲಿಲ್ಲ, ಸೂಜಿ ಸೋಕಿರಲಿಲ್ಲ. ತಲೆಕೆಳಗಾದ ಹೂವಿನ ಸಾಲಿನ ಮೇಲೆ ಒಂದು ಬೀಜ ಅಂಟಿಕೊಂಡು ಕುಳಿತಿತ್ತು.